ಗೆದ್ದ ದಿನ ಇದೆ, ಅತ್ತ ದಿನ ಎಲ್ಲಿದೆ?

ಜುಲೈ ಮೂರನೇ ವಾರ ಬಂತೆಂದರೆ ನಮ್ಮ ಆಫೀಸಿನಲ್ಲಿ ಎಚ್‌ಆರ್‌ನವರ ಮೇಲ್ ಬರುತ್ತೆ. 26ನೇ ತಾರೀಕು ಕೇಸರಿ, ಬಿಳಿ, ಹಸಿರು ಬಟ್ಟೆ ಹಾಕ್ಕೊಂಡು ಬನ್ನಿ, ಕೆಫೆಟೇರಿಯಾದಲ್ಲಿ ತ್ರಿವರ್ಣ ಕಪ್‌ಕೇಕ್ ಇರುತ್ತೆ, ರಿಸೆಪ್ಷನ್ ಪಕ್ಕ ಸೆಲ್ಫಿ ಪಾಯಿಂಟ್ ಇರುತ್ತೆ, ಮೂರು ಗಂಟೆಗೆ ಕ್ವಿಜ್. ನಿಮ್ಮ ಆಫೀಸಲ್ಲೂ ಹೆಚ್ಚುಕಮ್ಮಿ ಇದೇ ಇರಬೇಕು. ಕ್ವಿಜ್‌ನಲ್ಲಿ ಟೈಗರ್ ಹಿಲ್ ಎಷ್ಟು ಎತ್ತರ ಅಂತ ಕೇಳ್ತಾರೆ, ಬೋಫೋರ್ಸ್ ಯಾವ ದೇಶದ ಕಂಪನಿ ಅಂತ ಕೇಳ್ತಾರೆ. 1999ರ ಆ ಯುದ್ಧದಲ್ಲಿ ಸತ್ತ 527 ಸೈನಿಕರಲ್ಲಿ ಒಬ್ಬನ ತಾಯಿ ಇವತ್ತು ಹೇಗಿದ್ದಾರೆ ಅಂತ ಯಾರೂ ಕೇಳಲ್ಲ. ಕೇಳುವುದಕ್ಕೆ ಅದು ಆ ಥರದ ದಿನವೂ ಅಲ್ಲ. ಅದರ ಹೆಸರೇ ವಿಜಯ ದಿವಸ.

ಕಪ್‌ಕೇಕ್ ಮೇಲೆ ನನಗೇನೂ ಸಿಟ್ಟಿಲ್ಲ ಸ್ವಾಮಿ. ಗೆದ್ದಾಗ ಸಿಹಿ ತಿನ್ನಬೇಕು, ತಿನ್ನೋಣ. ನನ್ನ ತಕರಾರು ಬೇರೆ. ಸ್ವಾತಂತ್ರ್ಯ ಬಂದ ಮೇಲೆ ಇಷ್ಟೊಂದು ಯುದ್ಧ ಮಾಡಿದ ಈ ದೇಶದಲ್ಲಿ, ಯುದ್ಧದಲ್ಲಿ ಮನೆಮಂದಿಯನ್ನು ಕಳೆದುಕೊಂಡವರಿಗೆ ಅಂತಲೇ ಒಂದು ರಾಷ್ಟ್ರೀಯ ಸ್ಮರಣೆಯ ದಿನ ಇಲ್ಲ. ಜನವರಿ 30ರ ಹುತಾತ್ಮರ ದಿನ ಗಾಂಧೀಜಿಗೆ ಮತ್ತು ಸ್ವಾತಂತ್ರ್ಯ ಹೋರಾಟದಲ್ಲಿ ಪ್ರಾಣ ಕೊಟ್ಟವರಿಗೆ. ಡಿಸೆಂಬರ್ 7ರ ಧ್ವಜ ದಿನ ಹಣ ಸಂಗ್ರಹಕ್ಕೆ. ಸ್ಕೂಲಲ್ಲಿ ಪುಟ್ಟ ಕಾಗದದ ಬಾವುಟ ಕೊಂಡು ಎದೆಗೆ ಚುಚ್ಚಿಕೊಂಡಿದ್ದು ನೆನಪಿದೆಯಲ್ಲ, ಅದೇ. ಉಳಿದವೆಲ್ಲ ವಿಜಯದ ದಿನಗಳು. ಜುಲೈ 26 ಕಾರ್ಗಿಲ್‌ಗೆ, ಡಿಸೆಂಬರ್ 16 ಬಾಂಗ್ಲಾ ಯುದ್ಧಕ್ಕೆ.

ಹಾಗಾದರೆ ಗೆಲ್ಲದ ಯುದ್ಧದಲ್ಲಿ ಸತ್ತವರ ಮನೆಯವರು ಯಾವ ದಿನ ಬರಬೇಕು?

1962ಕ್ಕೆ ವಿಜಯ ದಿವಸ ಇಲ್ಲ. ಇರೋಕೆ ಸಾಧ್ಯವೂ ಇಲ್ಲ. ಆದರೆ ರೆಜಾಂಗ್ ಲಾದಲ್ಲಿ 13ನೇ ಕುಮಾಂವ್‌ನ ಒಂದೇ ಕಂಪನಿಯ ನೂರಕ್ಕೂ ಹೆಚ್ಚು ಜನ ಒಂದೇ ದಿನ, ನವೆಂಬರ್ 18ರಂದು ಸತ್ತರು. ಹಿಮದಲ್ಲಿ ಹೆಪ್ಪುಗಟ್ಟಿದ್ದ ಅವರ ದೇಹಗಳು ಸಿಕ್ಕಿದ್ದು ಚಳಿಗಾಲ ಕಳೆಯುವ ಹೊತ್ತಿಗೆ. ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆಯದು ಇನ್ನೊಂದು ಕಥೆ. 1987ರಿಂದ 1990ರವರೆಗೆ ಅಲ್ಲಿ ಸುಮಾರು 1,200 ಭಾರತೀಯ ಸೈನಿಕರು ಸತ್ತರು, ಕಾರ್ಗಿಲ್‌ನ ಎರಡು ಪಟ್ಟಿಗಿಂತ ಹೆಚ್ಚು. ಪರಮವೀರ ಚಕ್ರ ಪಡೆದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಸತ್ತಿದ್ದು ಅಲ್ಲೇ. ಅವರಿಗೆಂದೇ ಕೊಲಂಬೊ ಪಕ್ಕದ ಬತ್ತರಮುಲ್ಲದಲ್ಲಿ ಒಂದು ಸ್ಮಾರಕ ಇದೆ. ಕಟ್ಟಿದ್ದು ಶ್ರೀಲಂಕಾ! ಇಲ್ಲಿ ಅವರ ಜೊತೆಗಾರರೂ ಹೆಂಡತಿಯರೂ ತಮ್ಮವರಿಗೊಂದು ಅಧಿಕೃತ ದಿನ ಕೊಡಿ ಅಂತ ದಶಕಗಳ ಕಾಲ ಅರ್ಜಿ ಹಿಡಿದು ಓಡಾಡಿದರು. ಆ ಯುದ್ಧ ನಮಗೆ ಮುಜುಗರ, ಅದಕ್ಕೇ ಅಲ್ಲಿ ಸತ್ತವರೂ ಮುಜುಗರ. ಗೆದ್ದರೆ ಮಾತ್ರ ನೆನೆಯುತ್ತೇವೆ ಅನ್ನುವುದು ಕ್ರಿಕೆಟ್ ತಂಡಕ್ಕೆ ಸರಿ, ಸತ್ತ ಮಗನ ವಿಷಯಕ್ಕೆ ಸರಿಯಲ್ಲ.

ಗೆದ್ದ ಯುದ್ಧದಲ್ಲಾದರೂ ಲೆಕ್ಕ ಹೇಗಿದೆ? 1971 ಅಂದ ಕೂಡಲೇ ನಮಗೆ ಬಾಯಿಗೆ ಬರುವ ಸಂಖ್ಯೆ 93,000, ಶರಣಾದ ಪಾಕಿಸ್ತಾನಿಗಳದ್ದು. 194 ಅನ್ನುವ ಸಂಖ್ಯೆ ಎಷ್ಟು ಜನಕ್ಕೆ ಗೊತ್ತು? ಡಿಸೆಂಬರ್ 9ರ ರಾತ್ರಿ ಐಎನ್‌ಎಸ್ ಖುಕ್ರಿ ಮುಳುಗಿದಾಗ ಅದರ ಜೊತೆ ಹೋದ 18 ಅಧಿಕಾರಿಗಳು, 176 ನಾವಿಕರು ಸೇರಿದರೆ ಅಷ್ಟು. ಆ ಮನೆಗಳಿಗೆ ದೇಹವೂ ಬರಲಿಲ್ಲ. ಡಿಸೆಂಬರ್ 16ರಂದು ಇಡೀ ದೇಶ ಪಟಾಕಿ ಹೊಡೆಯುವಾಗ ಆ ಮನೆಗಳಲ್ಲಿ ಇನ್ನೂ ಹನ್ನೊಂದನೇ ದಿನದ ಕಾರ್ಯವೂ ಮುಗಿದಿರಲಿಲ್ಲ.

ಕಾಣೆಯಾದವರದ್ದು ಇದಕ್ಕಿಂತ ಕಷ್ಟ. ‘ಸ್ಕೈ ಫೋರ್ಸ್’ ಸಿನಿಮಾ ನೋಡಿದವರಿಗೆ ಅಜ್ಜಮಾಡ ದೇವಯ್ಯ ಗೊತ್ತಿರುತ್ತಾರೆ, ಹೆಸರು ಬದಲಿಸಿದ್ದರೂ ಕಥೆ ಅವರದೇ. ಕೊಡಗಿನ ಈ ಪೈಲಟ್ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ಕಾಗದದಲ್ಲಿ ‘ಕಾಣೆ’ ಅಂತ ಬರೆದು ಮುಗಿಸಿದರು. ತನ್ನ ಹಳೆಯ ವಿಮಾನದಲ್ಲೇ ಅವರು ಪಾಕಿಸ್ತಾನದ ಸ್ಟಾರ್‌ಫೈಟರ್ ಕೆಡವಿದ್ದರು ಅನ್ನುವುದು ಆಚೆ ಕಡೆಯ ಮೂಲಗಳಿಂದ, ಒಬ್ಬ ವಿದೇಶಿ ಬರೆದ ಪುಸ್ತಕದಿಂದ ಗೊತ್ತಾಯಿತು. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. ಅವರ ಪತ್ನಿ ಇಪ್ಪತ್ಮೂರು ವರ್ಷ ಕಾದರು. ಆ ಇಪ್ಪತ್ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ಈ ದೇಶ ‘ನಿಮ್ಮ ಜೊತೆ ನಾವೂ ಕಾಯ್ತಿದ್ದೀವಿ’ ಅನ್ನಲಿಲ್ಲ. 1971ರಲ್ಲಿ ಕಾಣೆಯಾದ 54 ಸೈನಿಕರ ಮನೆಯವರು ಈಗಲೂ ಕಾಯುತ್ತಿದ್ದಾರೆ. 2007ರಲ್ಲಿ ಅವರಲ್ಲಿ ಕೆಲವರು ಪಾಕಿಸ್ತಾನದ ಜೈಲುಗಳವರೆಗೂ ಹೋಗಿ ಹುಡುಕಿ ಬರಿಗೈಲಿ ಬಂದರು. ತಿಥಿ ಮಾಡಬೇಕೋ ಬೇಡವೋ ಗೊತ್ತಿಲ್ಲದ ಮನೆ ಅದು. ಅಂಥ ಮನೆಗೆ ವಿಜಯ ದಿವಸದ ಆಹ್ವಾನ ಪತ್ರಿಕೆ ಕಳಿಸಿದರೆ ಅವರು ಅದನ್ನಿಟ್ಟುಕೊಂಡು ಏನು ಮಾಡಬೇಕು?

ನಾವು ಮನೆಯವರನ್ನು ಕರೆಯುವುದೇ ಇಲ್ಲ ಅಂತಲ್ಲ. ಕರೀತೀವಿ. ಹೇಗೆ ಕರೀತೀವಿ ಅನ್ನುವುದನ್ನು ಹೇಳ್ತೀನಿ.

ಬೆಂಗಳೂರಿನ ಒಂದು ದೊಡ್ಡ ಅಪಾರ್ಟ್‌ಮೆಂಟ್‌ನಲ್ಲಿ ಇಂಥದೊಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಹಾಸನದ ಕಡೆಯಿಂದ ಒಬ್ಬ ಸೈನಿಕನ ತಾಯಿಯನ್ನು ಕರೆಸಿದ್ದರು. ಬೆಳಗಿನ ಜಾವ ಬಸ್ ಹತ್ತಿ ಬಂದಿದ್ದರು ಆಕೆ. ಕಾರ್ಯಕ್ರಮ ಹತ್ತಕ್ಕೆ, ಮುಖ್ಯ ಅತಿಥಿ ಬಂದಿದ್ದು ಹನ್ನೆರಡಕ್ಕೆ. ಅಲ್ಲಿಯವರೆಗೂ ಆಯಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು, ಮುಂದೆ ಮಕ್ಕಳು ‘ದೇಶಭಕ್ತಿ ಫ್ಯಾಷನ್ ಶೋ’ ಮಾಡ್ತಿದ್ದರು. ಅತಿಥಿ ಬಂದರು, ದೀಪ ಹಚ್ಚಿದರು, ಮುಕ್ಕಾಲು ಗಂಟೆ ಮಾತಾಡಿದರು. ಆಮೇಲೆ ಆಕೆಯನ್ನು ವೇದಿಕೆಗೆ ಕರೆದು ಶಾಲು, ಪೇಟ, ಹಣ್ಣಿನ ಬುಟ್ಟಿ, ಒಂದು ಗಾಜಿನ ಸ್ಮರಣಿಕೆ. ಎಲ್ಲರೂ ಕ್ಯಾಮೆರಾ ಕಡೆ ನೋಡಿದರು. ನಿರೂಪಕ ಮೈಕ್ ಕೊಟ್ಟು, ‘ಅಮ್ಮಾ, ದೇಶಕ್ಕೆ ಮಗನ್ನ ಕೊಟ್ಟಿದ್ದೀರಿ, ಎಷ್ಟು ಹೆಮ್ಮೆ ಆಗುತ್ತೆ? ಎರಡು ಮಾತು ಹೇಳಿ’ ಅಂದ.

ಆಯಮ್ಮ, ‘ಏನ್ ಹೇಳ್ಲಪ್ಪಾ, ಅವನಿಗೆ ರಜಾ ಸಿಕ್ಕಿತ್ತು, ಬರ್ತೀನಿ ಅಂದಿದ್ದ’ ಅಂದರು. ಅಷ್ಟೇ.

ಜನ ಚಪ್ಪಾಳೆ ಹೊಡೆದರು ಕಣ್ರೀ! ನಿರೂಪಕ ‘ಭಾರತ್ ಮಾತಾ ಕೀ’ ಅಂತ ಕೂಗಿ ಮುಂದಿನ ಡ್ಯಾನ್ಸಿಗೆ ಹೋದ. ಅವರ್‍ಯಾರೂ ಕೆಟ್ಟವರಲ್ಲ. ಜೇಬಿನಿಂದ ದುಡ್ಡು ಹಾಕಿ ಕಾರ್ಯಕ್ರಮ ಮಾಡಿದ್ದರು. ತಪ್ಪಿದ್ದು ಕಾರ್ಯಕ್ರಮದ ಅಚ್ಚಿನಲ್ಲಿ. ಸನ್ಮಾನದ ಅಚ್ಚು ಅದು. ಅದರಲ್ಲಿ ಕರೆಸಿಕೊಂಡವರು ಹೆಮ್ಮೆ ಪಡಲೇಬೇಕು, ನಗಲೇಬೇಕು, ನಮಗೆ ಸ್ಫೂರ್ತಿ ಕೊಡಲೇಬೇಕು. ಮಗ ಸತ್ತು ಹೋಗಿರುವ ತಾಯಿಗೆ ನಮ್ಮನ್ನು ಹುರಿದುಂಬಿಸುವ ಡ್ಯೂಟಿ ಹಾಕಿದವರು ಯಾರು? ಸಾವಿನ ಮನೆಗೆ ಹೋದವರು ಅಲ್ಲಿ ಮಾತು ಕೇಳಿಸಿಕೊಳ್ಳಬೇಕು, ಸುಮ್ಮನೆ ಕೂರಬೇಕು. ಇದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು, ನಮ್ಮ ಇವೆಂಟ್ ಮ್ಯಾನೇಜರುಗಳಿಗೆ ಗೊತ್ತಿಲ್ಲ.

ದೆಹಲಿಯಲ್ಲಿ ಸ್ಮಾರಕ ಇದೆಯಲ್ಲ ಅಂತ ನೀವು ಕೇಳ್ತೀರಿ. ಇದೆ. ರಾಷ್ಟ್ರೀಯ ಯುದ್ಧ ಸ್ಮಾರಕ 2019ರ ಫೆಬ್ರವರಿ 25ರಂದು ಉದ್ಘಾಟನೆಯಾಯಿತು. ತ್ಯಾಗ ಚಕ್ರದ ಗ್ರಾನೈಟ್ ಕಲ್ಲುಗಳ ಮೇಲೆ 25,000ಕ್ಕೂ ಹೆಚ್ಚು ಹೆಸರುಗಳಿವೆ, 1962ರವೂ ಇವೆ, ಶ್ರೀಲಂಕಾದವೂ ಇವೆ. ತಡವಾದರೂ ಒಳ್ಳೆಯ ಕೆಲಸ. ಅಲ್ಲಿ ಸಂಜೆ ಒಬ್ಬ ಸೈನಿಕನ ಮನೆಯವರನ್ನು ಕರೆದು ಪುಷ್ಪಗುಚ್ಛ ಇಡಿಸುವ ಪದ್ಧತಿಯೂ ಇದೆ. ಅದು ಇನ್ನೂ ಒಳ್ಳೆಯದು. ಆದರೆ ಲೆಕ್ಕ ಹಾಕಿ ನೋಡಿ. ದಿನಕ್ಕೊಂದು ಮನೆ ಅಂದರೆ 25,000 ಮನೆಗಳ ಸರದಿ ಮುಗಿಯಲು 68 ವರ್ಷ ಬೇಕು. 1962ರಲ್ಲಿ ವಿಧವೆಯಾದಾಕೆಗೆ ಈಗ ಎಂಬತ್ತು ದಾಟಿದೆ. ಅವರು ಅಷ್ಟು ದಿನ ಇರ್ತಾರಾ? ಇದ್ದರೂ ಗದಗದ ಹಳ್ಳಿಯಿಂದ ದೆಹಲಿಗೆ ಹೋಗ್ತಾರಾ?

ಇನ್ನು ಆ ಗೋಡೆಯ ಮೇಲೆ ಬರುವುದೇ ಇಲ್ಲದವರು. ಪುಲ್ವಾಮಾದಲ್ಲಿ 2019ರ ಫೆಬ್ರವರಿ 14ರಂದು ಸತ್ತ 40 ಜನ ಸಿಆರ್‌ಪಿಎಫ್‌ನವರು, ಅವರಲ್ಲೊಬ್ಬರು ಮದ್ದೂರು ತಾಲೂಕಿನ ಗುಡಿಗೆರೆಯವರು. ಅರೆಸೇನಾಪಡೆ ಗೃಹ ಇಲಾಖೆಗೆ ಸೇರಿದ್ದು, ಅವರ ಸ್ಮಾರಕ ಬೇರೆ, ಚಾಣಕ್ಯಪುರಿಯಲ್ಲಿ. 2004ರ ನಂತರ ಸೇರಿದವರ ಪಿಂಚಣಿಯ ನಿಯಮವೂ ಸೈನ್ಯದ್ದಲ್ಲ. ಟಿವಿಯವರು ‘ಹುತಾತ್ಮ’ ಅಂತ ದಿನಕ್ಕೆ ನೂರು ಸಲ ಕೂಗಿದರೂ, ಆ ಪದಕ್ಕೆ ಸೇನೆಯಲ್ಲಾಗಲಿ ಅರೆಸೇನಾಪಡೆಯಲ್ಲಾಗಲಿ ಅಧಿಕೃತ ವ್ಯಾಖ್ಯೆಯೇ ಇಲ್ಲ ಅಂತ ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ. ಸಮವಸ್ತ್ರವೇ ಇಲ್ಲದವರದ್ದು ಇನ್ನೂ ಆಚೆ. 2025ರ ಮೇ ತಿಂಗಳಲ್ಲಿ ಪೂಂಛ್ ಮೇಲೆ ಶೆಲ್ ಬಿದ್ದು ಮನೆಯೊಳಗಿದ್ದ ಜನ ಸತ್ತರು, ಮಕ್ಕಳೂ ಸತ್ತರು. ನಾವಿಲ್ಲಿ ಆ ನಾಲ್ಕು ದಿನ ಫೋನಿನಲ್ಲಿ ಮ್ಯಾಪ್ ನೋಡ್ತಾ, ಮೀಮ್ ಕಳಿಸ್ತಾ ಇದ್ದೆವು. ಆ ಮಕ್ಕಳ ಅಪ್ಪ ಅಮ್ಮಂದಿರಿಗೆ ಯಾವ ದಿನ ಇದೆ? ಯುದ್ಧದ ಬೆಲೆ ಕಟ್ಟಿದವರ ಪಟ್ಟಿಯಲ್ಲಿ ಅವರ ಹೆಸರೂ ಇರಬೇಕೋ ಬೇಡವೋ?

ಬೇರೆ ದೇಶಗಳು ಇದನ್ನು ಹೇಗೆ ಮಾಡುತ್ತವೆ? ನೆದರ್ಲೆಂಡ್ಸ್‌ನಲ್ಲಿ ಮೇ 4 ಸತ್ತವರ ಸ್ಮರಣೆಯ ದಿನ, ಮೇ 5 ವಿಮೋಚನೆಯ ದಿನ. 4ರ ರಾತ್ರಿ ಎಂಟಕ್ಕೆ ಇಡೀ ದೇಶ ಎರಡು ನಿಮಿಷ ಮೌನ, ರಾಜನೂ ಆಮ್‌ಸ್ಟರ್‌ಡ್ಯಾಮಿನ ಚೌಕದಲ್ಲಿ ಬಂದು ನಿಲ್ಲುತ್ತಾನೆ. ಮರುದಿನ ಹಾಡು, ಕುಣಿತ, ಬಿಯರ್ ಎಲ್ಲ ಇರುತ್ತೆ. ಇಸ್ರೇಲ್‌ನಲ್ಲಿ ಸ್ಮರಣೆಯ ದಿನ ಮುಗಿದ ಸಂಜೆಯೇ ಸ್ವಾತಂತ್ರ್ಯ ದಿನ ಶುರು. ರಾತ್ರಿ ಎಂಟಕ್ಕೊಮ್ಮೆ, ಮಾರನೇ ಬೆಳಗ್ಗೆ ಹನ್ನೊಂದಕ್ಕೊಮ್ಮೆ ಸೈರನ್ ಹೊಡೆದರೆ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಜನ ಇಳಿದು ನಿಲ್ತಾರೆ. ಆ ದೇಶದ ರಾಜಕೀಯ ನಿಮಗೆ ಹಿಡಿಸಲಿ ಬಿಡಲಿ, ಎರಡೂ ಕಡೆ ಒಂದು ಮಾತು ಗಮನಿಸಿ. ಮೊದಲು ಅಳುತ್ತಾರೆ, ಆಮೇಲೆ ಸಂಭ್ರಮ. ಎರಡನ್ನೂ ಒಂದೇ ವೇದಿಕೆಗೆ ತುರುಕುವುದಿಲ್ಲ.

ಹೀಗೆ ಮಾಡದಿದ್ದರೆ ಏನಾಗುತ್ತೆ ಅನ್ನುವುದಕ್ಕೆ ಪಕ್ಕದ ಶ್ರೀಲಂಕಾ ಇದೆ. 2009ರ ಮೇನಲ್ಲಿ ಅಂತರ್ಯುದ್ಧ ಮುಗಿಯಿತು. ಕೊಲಂಬೊದಲ್ಲಿ ವಿಜಯದ ಮೆರವಣಿಗೆ ನಡೆದ ಅದೇ ವಾರದಲ್ಲಿ ಮುಳ್ಳಿವಾಯ್ಕಾಲಿನ ತಮಿಳು ತಾಯಂದಿರು ತಮ್ಮ ಮಕ್ಕಳಿಗೆ ದೀಪ ಹಚ್ಚಲು ಪೊಲೀಸರಿಗೆ ಹೆದರಬೇಕಾಯಿತು. 2015ರಲ್ಲಿ ಹೊಸ ಸರ್ಕಾರ ‘ವಿಜಯ ದಿನ’ ಅನ್ನುವ ಹೆಸರನ್ನು ‘ಸ್ಮರಣೆಯ ದಿನ’ ಅಂತ ಬದಲಿಸಿತು. 2021ರ ಜನವರಿಯಲ್ಲಿ ಜಾಫ್ನಾ ವಿಶ್ವವಿದ್ಯಾಲಯದಲ್ಲಿದ್ದ ಸ್ಮಾರಕವನ್ನು ರಾತ್ರಿ ಕೆಡವಿದರು, ಗಲಾಟೆಯಾದ ಮೇಲೆ ಮತ್ತೆ ಕಟ್ಟಿದರು. ಯಾರು ಅಳಬಹುದು ಅಂತ ಸರ್ಕಾರ ತೀರ್ಮಾನ ಮಾಡಲು ಹೊರಟರೆ ಸ್ಮಶಾನವೂ ರಣರಂಗವಾಗುತ್ತೆ.

ಇದು ಪಾಶ್ಚಾತ್ಯರ ಫ್ಯಾಷನ್, ನಮ್ಮದಲ್ಲ ಅನ್ನುವವರು ಒಂದು ಭಾನುವಾರ ಬೇಗೂರಿಗೆ ಹೋಗಿ ಬನ್ನಿ, ಎಲೆಕ್ಟ್ರಾನಿಕ್ ಸಿಟಿಯಿಂದ ದೂರವೇನಿಲ್ಲ. ನಾಗನಾಥೇಶ್ವರ ದೇವಸ್ಥಾನದಲ್ಲಿ ಸಾವಿರದ ನೂರು ವರ್ಷ ಹಳೆಯ ಶಾಸನ ಇದೆ. ‘ಬೆಂಗಳೂರು’ ಅನ್ನುವ ಹೆಸರು ಅದರಲ್ಲಿ ಬರುತ್ತೆ ಅಂತ ನಾವೆಲ್ಲ ಕುಣೀತೀವಿ. ಯಾವ ಸಂದರ್ಭದಲ್ಲಿ ಬರುತ್ತೆ? ಬೆಂಗಳೂರಿನಲ್ಲಿ ನಡೆದ ಒಂದು ಕಾಳಗದಲ್ಲಿ ನಾಗತ್ತರನ ಕಡೆಯವನೊಬ್ಬ ಸತ್ತ ಅಂತ ಹೇಳುವಾಗ. ನಮ್ಮ ಊರಿನ ಹೆಸರು ಉಳಿದು ಬಂದಿದ್ದೇ ಒಬ್ಬ ಸತ್ತವನನ್ನು ಯಾರೋ ನೆನೆದದ್ದಕ್ಕೆ. ಕರ್ನಾಟಕದಲ್ಲಿ ವೀರಗಲ್ಲು ಇಲ್ಲದ ಊರು ಕಡಿಮೆ. ದನ ಕಾಯುವಾಗ ಸತ್ತವನಿಗೂ ಕಲ್ಲಿದೆ, ಸೋತ ಕಡೆಯವನಿಗೂ ಕಲ್ಲಿದೆ. ಸತ್ತವನ ಮನೆಗೆ ಕೊಡುತ್ತಿದ್ದ ಭೂಮಿಗೆ ‘ನೆತ್ತರುಗೊಡಗೆ’ ಅಂತ ಹೆಸರೇ ಇತ್ತು. ಪಂಚಾಂಗ ತೆಗೆದು ನೋಡಿ, ಪಿತೃಪಕ್ಷದಲ್ಲಿ ಘಾತ ಚತುರ್ದಶಿ ಅಂತ ಒಂದು ದಿನ ಇದೆ, ಆಯುಧದಿಂದ ಸತ್ತವರಿಗಾಗಿ. ಮರುದಿನ ಮಹಾಲಯ ಅಮಾವಾಸ್ಯೆ, ಸತ್ತ ತಿಥಿ ಗೊತ್ತಿಲ್ಲದವರಿಗೂ ಅವತ್ತು ಎಡೆ ಉಂಟು. ನಮ್ಮ ಹಿರಿಯರು ಗೆದ್ದೆಯಾ ಸೋತೆಯಾ ಅಂತ ಕೇಳಿ ಎಡೆ ಇಟ್ಟವರಲ್ಲ.

ಬೈಯುವುದು ಸುಲಭ, ಏನು ಮಾಡಬೇಕು ಹೇಳಿ ಅಂತೀರಾ? ಹೇಳ್ತೀನಿ.

ದಿನಾಂಕ: ಡಿಸೆಂಬರ್ 7. ಹೊಸ ದಿನ ಹುಡುಕಬೇಕಿಲ್ಲ. 1949ರಿಂದ ಧ್ವಜ ದಿನ ಅಂತ ಇದೆ. ಯಾವ ಒಂದು ಯುದ್ಧಕ್ಕೂ ಸೇರದ ದಿನ, ಹಾಗಾಗಿ ಎಲ್ಲ ಯುದ್ಧದ ಮನೆಯವರೂ ಬರಬಹುದು. ಒಂಬತ್ತು ದಿನ ಬಿಟ್ಟು ವಿಜಯ ದಿವಸ ಬರುತ್ತೆ, ಅವತ್ತು ಬೇಕಾದಷ್ಟು ಸಂಭ್ರಮಿಸಿ. ರಜೆ ಮಾತ್ರ ಕೊಡಬೇಡಿ. ಕೊಟ್ಟರೆ ನಾವು ಕೂರ್ಗ್‌ಗೆ ಹೋಗ್ತೀವಿ, ಮಡಿಕೇರಿಯಲ್ಲಿ ದೇವಯ್ಯನವರ ವೃತ್ತ ದಾಟಿ ಹೋಮ್‌ಸ್ಟೇ ಎಲ್ಲಿ ಅಂತ ಕೇಳ್ತೀವಿ.

ಸ್ಥಳ: ದೆಹಲಿ ಒಂದೇ ಅಲ್ಲ, ಪ್ರತಿ ಜಿಲ್ಲೆ. 25,000 ಹೆಸರನ್ನು ಒಂದೇ ಕಡೆ ಓದಿದರೆ, ಹೆಸರಿಗೆ ಐದು ಸೆಕೆಂಡ್ ಅಂದರೂ, 34 ಗಂಟೆ ದಾಟುತ್ತೆ. ದೇಶದಲ್ಲಿ 750ಕ್ಕೂ ಹೆಚ್ಚು ಜಿಲ್ಲೆಗಳಿವೆ. ಹಂಚಿದರೆ ಸರಾಸರಿ ಜಿಲ್ಲೆಗೆ ಮೂರು ನಿಮಿಷವೂ ಆಗಲ್ಲ. ಕೊಡಗಿಗೆ, ಬೆಳಗಾವಿಗೆ ಹೆಚ್ಚು ಬೇಕಾಗಬಹುದು, ಆಗಲಿ. ಅರೆಸೇನಾಪಡೆ, ಪೊಲೀಸು, ಗಡಿಯಲ್ಲಿ ಸತ್ತ ನಾಗರಿಕರನ್ನೂ ಸೇರಿಸಿದರೆ ಹದಿನೈದು ನಿಮಿಷ ಅಂದುಕೊಳ್ಳಿ. ಕಾಣೆಯಾದವರ ಹೆಸರನ್ನು ಕಾಣೆಯಾದವರು ಅಂತಲೇ ಓದಬೇಕು. ಇದೇನು ಆಗದ ಹೋಗದ ಕೆಲಸವಲ್ಲ. 1959ರಲ್ಲಿ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಸತ್ತ ಹತ್ತು ಪೊಲೀಸರ ನೆನಪಿಗೆ ಪ್ರತಿ ಅಕ್ಟೋಬರ್ 21ಕ್ಕೆ ಪೊಲೀಸ್ ಇಲಾಖೆ ಆ ವರ್ಷ ಸತ್ತವರ ಹೆಸರು ಓದುತ್ತದೆ. ಅವರು ಮಾಡೋದನ್ನು ದೇಶ ಮಾಡಲಿ.

ಕ್ರಮ: ಭಾಷಣ ಇಲ್ಲ. ಮಂತ್ರಿ ಬರಬಹುದು, ಎರಡನೇ ಸಾಲಿನಲ್ಲಿ ಕೂರಬೇಕು. ಮೊದಲ ಸಾಲು ಮನೆಯವರದ್ದು. ಶಾಲು ಇಲ್ಲ, ಪೇಟ ಇಲ್ಲ, ಚಪ್ಪಾಳೆ ಇಲ್ಲ, ವೇದಿಕೆಯೂ ಬೇಡ. ಹೆಸರು ಓದುವುದು, ಎರಡು ನಿಮಿಷ ಮೌನ, ಆಮೇಲೆ ಊಟ. ಮಾತಾಡಬೇಕು ಅನ್ನಿಸಿದ ಮನೆಯವರು ಮಾತಾಡಲಿ, ಅವರದೇ ಭಾಷೆಯಲ್ಲಿ. ಸಿಟ್ಟು ಬಂದಿದ್ದರೆ ಸಿಟ್ಟನ್ನೇ ಹೇಳಲಿ, ಪಿಂಚಣಿಗೆ ಎಷ್ಟು ಸಲ ಕಚೇರಿ ಸುತ್ತಿದೆ ಅಂತಲೂ ಹೇಳಲಿ. ಬಸ್ಸು, ರೈಲು, ಇಳಿದುಕೊಳ್ಳುವ ರೂಮು ಎಲ್ಲ ಸರ್ಕಾರದ ಖರ್ಚು. ಕರೆಯೋಲೆಯನ್ನು ಮನೆಗೆ ತಂದುಕೊಡಬೇಕು, ವಾಟ್ಸಾಪ್ ಮಾಡಬಾರದು. ಮದುವೆಗೆ ಹಾಗೇ ತಾನೇ ಕರೆಯುತ್ತೇವೆ?

ಇದಕ್ಕೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತು. ಬಹಿರಂಗವಾಗಿ ಅಳುತ್ತಾ ಕೂತರೆ ಸೈನಿಕರ ಸ್ಥೈರ್ಯ ಕುಗ್ಗುತ್ತೆ, ಶತ್ರು ನಗ್ತಾನೆ. ಸಿಯಾಚಿನ್‌ನಲ್ಲಿ ನಿಂತ ಹುಡುಗನ ಸ್ಥೈರ್ಯ ನಮ್ಮ ಸ್ಟೇಟಸ್‌ನಿಂದ ಬರುತ್ತಾ? 2016ರ ಫೆಬ್ರವರಿಯಲ್ಲಿ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ಆರು ದಿನದ ನಂತರ ಹಿಮದಡಿಯಿಂದ ಜೀವಂತ ತೆಗೆದಾಗ ಇಡೀ ದೇಶ ಪ್ರಾರ್ಥನೆ ಮಾಡಿತು. 11ರಂದು ಅವರು ತೀರಿಕೊಂಡರು. ಅವತ್ತು ಎಲ್ಲರೂ ಅತ್ತರು, ಸೈನ್ಯವೇನೂ ಕುಗ್ಗಲಿಲ್ಲ. ಕುಗ್ಗಿಸುವುದು ಮರೆವು. ನಾನು ಸತ್ತರೆ ಒಂದು ವಾರ ಫ್ಲೆಕ್ಸ್, ಆಮೇಲೆ ನನ್ನ ಹೆಂಡತಿ ಒಬ್ಬಳೇ ತಾಲೂಕು ಕಚೇರಿ ಅಲೆಯಬೇಕು ಅನ್ನುವ ಯೋಚನೆಗಿಂತ ದೊಡ್ಡ ಶತ್ರು ಯಾವ ಸೈನಿಕನಿಗಿದ್ದಾನೆ?

ಎರಡನೆಯದು, ಇದೂ ರಾಜಕೀಯ ಆಗುತ್ತೆ ಅನ್ನುವುದು. ಈಗ ಆಗ್ತಿಲ್ಲವಾ? ಪ್ರತಿ ಚುನಾವಣೆಯಲ್ಲೂ ಶವಪೆಟ್ಟಿಗೆಯ ಫೋಟೋ ಇರುತ್ತಲ್ಲ. ಭಾಷಣಕ್ಕೇ ಅವಕಾಶ ಇಲ್ಲದ ಸಭೆಯಲ್ಲಿ ರಾಜಕೀಯ ಮಾಡುವುದು ಕಷ್ಟ, ಅದಕ್ಕೇ ಭಾಷಣ ಬೇಡ ಅಂದಿದ್ದು.

ಮೂರನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳಲ್ಲ, ಆದರೆ ಅದೇ ನಿಜವಾದದ್ದು. ಸತ್ತವರ ಮನೆಯವರನ್ನು ವರ್ಷಕ್ಕೊಮ್ಮೆ ಎದುರಿಗೆ ಕೂರಿಸಿಕೊಂಡರೆ ಮುಂದಿನ ಸಲ ‘ನುಗ್ಗಿ ಹೊಡೀರಿ’ ಅಂತ ಬರೆಯುವಾಗ ಬೆರಳು ಒಂದು ಕ್ಷಣ ತಡೆಯುತ್ತೆ. ತಡೆಯಲಿ. ಯುದ್ಧ ಬೇಕಾದ ಸಂದರ್ಭ ಬರಬಹುದು, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಬೆಲೆ ಕಟ್ಟುವವರ ಮುಖ ನೋಡಿ ಆ ತೀರ್ಮಾನ ಮಾಡಬೇಕು. ನಮ್ಮಲ್ಲಿ ಬಹಳಷ್ಟು ಜನಕ್ಕೆ ಸೈನ್ಯದಲ್ಲಿ ಒಬ್ಬ ಚಿಕ್ಕಪ್ಪನೂ ಇಲ್ಲ. ನಾವು ಲ್ಯಾಪ್‌ಟಾಪ್ ಮುಂದೆ ಕೂತು ಯುದ್ಧ ಬೇಕು ಅನ್ನುತ್ತೇವೆ, ಹೆಣ ಹೋಗುವುದು ಹಾಸನಕ್ಕೆ, ಮಂಡ್ಯಕ್ಕೆ, ಧಾರವಾಡಕ್ಕೆ.

ಸರ್ಕಾರ ಮಾಡುವವರೆಗೂ ಕಾಯಬೇಕಿಲ್ಲ. ಬ್ರಿಗೇಡ್ ರೋಡ್ ರೆಸಿಡೆನ್ಸಿ ರೋಡ್ ಸೇರುವ ಕಡೆ ಒಂದು ಯುದ್ಧ ಸ್ಮಾರಕ ಇದೆ, ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರದ್ದು. ಕ್ಯಾಬ್‌ಗೆ ಕಾಯುತ್ತಾ ಎಷ್ಟು ಸಲ ಅದರ ಮುಂದೆ ನಿಂತಿಲ್ಲ ನೀವು? ನೆಹರೂ ತಾರಾಲಯದ ಹತ್ತಿರವೇ ರಾಷ್ಟ್ರೀಯ ಸೈನಿಕ ಸ್ಮಾರಕವೂ ಇದೆ, ಅಲ್ಲೂ ಸಾವಿರಾರು ಹೆಸರುಗಳಿವೆ. ನಿಮ್ಮ ಊರಿನ ಜಿಲ್ಲೆಗೆ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಇರುತ್ತೆ, ಯಾವ ಹಳ್ಳಿಯಲ್ಲಿ ಯಾರ ಮನೆ ಅಂತ ಅವರಿಗೆ ಗೊತ್ತಿರುತ್ತೆ. ಡಿಸೆಂಬರ್ 7ಕ್ಕೆ ಮುಂಚೆ ಒಂದು ಫೋನ್ ಮಾಡಿ. ಮನೆಯವರು ಬನ್ನಿ ಅಂದರೆ ಹೋಗಿ. ಕ್ಯಾಮೆರಾ ಬೇಡ, ಶಾಲೂ ಬೇಡ. ಅವರ ಮಗನ ಹೆಸರು ಕೇಳಿ, ಅವನು ಹೇಗಿದ್ದ ಅಂತ ಕೇಳಿ, ಕೊಟ್ಟ ಕಾಫಿ ಕುಡಿದು ಬನ್ನಿ. ಬಂದ ಮೇಲೆ ನಿಮ್ಮ ಸಂಸದರಿಗೆ ಒಂದು ಪತ್ರ ಬರೆಯಿರಿ: ಇವರಿಗೆ ವರ್ಷದಲ್ಲಿ ಒಂದು ದಿನ ಕೊಡಿ ಅಂತ.